ಬೈಲಹೊಂಗಲದವರನ್ನ ನೋಡ್ರಿ

ಮೊನ್ನೆ ಮಧ್ಯಾಹ್ನ ಉಂಡು ಅಡ್ಡಾಗಿದ್ದೆ. ಮಂಚದ ಕೆಳಗಿನಿಂದ ‘ಙೇಂ...’ ಎಂದು ಒಂದು ದನಿ ಬಂತು. ಎದ್ದು ಕೂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಬಗ್ಗಿ ನೋಡಿದರೆ ಮೊಮ್ಮಗಳು. ಹಳೆಯ ಪೇಟಿಯನ್ನು ಹೊರಗೆಳೆದು, ಅದರ ತಿದಿಯನ್ನು ಒತ್ತಿ, ಹಲ್ಲು ಕಿರಿದು ಕೂತಿದ್ದಳು. ಪೇಟಿ ಎಂದರೆ ಬಟ್ಟೆ ಇಡುವ ಪೆಟ್ಟಿಗೆ ಎಂದುಕೊಳ್ಳಬೇಡಿ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ.

“ಯಾಕ ಆಯಿ, ಅಷ್ಟ್ಯಾಕ ಗಾಬರಿ ಆದಿ?” ಎಂದಳು.

ನನಗೆ ಹುಟ್ಟಿದಾಗಿನಿಂದಲೂ ದಂಗುಬಡಿಯುವ ಚಾಳಿ. ಮಳೆ ಬಂದರೂ ದಂಗಾಗುತ್ತೇನೆ, ಬಿಸಿಲು ಬಿದ್ದರೂ ದಂಗಾಗುತ್ತೇನೆ. ಸಾಲಿ ಕಲಿಸುತ್ತಿದ್ದ ಕಾಲದಲ್ಲಿ ಹುಡುಗಿಯರು ಲೆಕ್ಕ ತಪ್ಪು ಮಾಡಿದರೆ ಒಮ್ಮೆ ಬೆಚ್ಚುತ್ತಿದ್ದೆ, ಸರಿ ಮಾಡಿದರೆ ಎರಡು ಸಲ. ಅದೆಲ್ಲ ಸ್ವಭಾವ. ಆದರೆ ಈ ಪೇಟಿಯ ದನಿ ಕೇಳಿದರೆ ಆಗುವ ಗಾಬರಿ ಬೇರೆ. ಅದು ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ, ಸುರೇಬಾನದಲ್ಲಿ, ಸತ್ತವರ ಮನೆಯ ಅಂಗಳದಲ್ಲಿ ಹೊಕ್ಕ ಗಾಬರಿ. ಇನ್ನೂ ಹೊರಗೆ ಬಂದಿಲ್ಲ.

ಅಪ್ಪ ಸುರೇಬಾನದಲ್ಲಿ ಉಪದೇಶಿಯಾಗಿದ್ದ. ಹೆಸರು ಯೋಹಾನಪ್ಪ. ಊರೂರು ತಿರುಗಿ, ಸಂತೆಯಲ್ಲಿ ನಿಂತು, ಕ್ರಿಸ್ತನ ಸುವಾರ್ತೆ ಹೇಳುವುದು ಉಪದೇಶಿಯ ಕೆಲಸ. ಹಗಲಿಗೆ ಮಕ್ಕಳಿಗೆ ಓದು ಬರಹ, ಭಾನುವಾರ ಆರಾಧನೆ. ನಮ್ಮ ಸಭೆ ಎಂದರೆ ಎಷ್ಟು ದೊಡ್ಡದು ಅಂತೀರಿ! ನಾವು ಮನೆಯವರು, ಇನ್ನೆರಡು ಮನೆಯವರು, ಗೋಡೆಯ ಆಚೆ ಕಟ್ಟಿದ ನಮ್ಮ ಎಮ್ಮೆ. ಎಮ್ಮೆ ಮಾತ್ರ ಒಂದು ವಾರವೂ ತಪ್ಪಿಸುತ್ತಿರಲಿಲ್ಲ.

ಕಷ್ಟವೇನೆಂದರೆ ಅಪ್ಪನಿಗೆ ಮಾತು ಬರುತ್ತಿರಲಿಲ್ಲ. ಮೂಕನಲ್ಲ. ಆಡುವುದಕ್ಕೆ ಮನಸ್ಸೇ ಇಲ್ಲದ ಮನುಷ್ಯ. “ದೇವರು ಒಳ್ಳೆಯವನು” ಎಂದು ಸುರು ಮಾಡಿ, ಮುಂದಿನದನ್ನು ಬೇರೆ ಯಾರಾದರೂ ಹೇಳಿಯಾರು ಎಂಬಂತೆ ಸುತ್ತ ನೋಡುತ್ತಿದ್ದ. ಇನ್ನು ಹಾಡು? ಕಾಳು ಹಾಕದೆ ಬೀಸುಕಲ್ಲು ತಿರುಗಿಸಿದರೆ ಒಂದು ಸಪ್ಪಳ ಬರುತ್ತದಲ್ಲ, ಅದೇ ಅಪ್ಪನ ಕೊರಳು. ನನಗೂ ಅದೇ ಕೊರಳು ಬಂದಿದೆ. ನಾನು ಜೋಗುಳ ಹಾಡಿದ ಕೂಸುಗಳು ನಿದ್ದೆ ಮಾಡಿದ್ದಿಲ್ಲ, ಹೆದರಿ ಕಣ್ಣು ಮುಚ್ಚಿಕೊಂಡಿರಬಹುದು.

ಆದರೆ ಅಪ್ಪನಿಗೆ ಒಂದು ಅಭ್ಯಾಸವಿತ್ತು. ಯಾರದಾದರೂ ಮನೆಯಲ್ಲಿ ಸಾವಾದರೆ ನಮ್ಮ ಕಡೆ ನೆಂಟರು, ನೆರೆಯವರು ಹೋಗಿ ‘ಮಾತಾಡಿಸಿಕೊಂಡು’ ಬರುತ್ತಾರೆ. ಸತ್ತವನು ಎಂಥವನಿದ್ದ, ಕೊನೆಗೆ ಏನು ಉಂಡ, ಏನು ಅಂದ ಎಂದು ಕೇಳಿ, ಸಮಾಧಾನ ಹೇಳಿ ಏಳುವುದು ಪದ್ಧತಿ. ಅಪ್ಪನೂ ಹೋಗುತ್ತಿದ್ದ. ಯಾವ ಜಾತಿಯ ಮನೆಯಾದರೂ ಸರಿ, ಒಳಗೆ ಕರೆದರೆ ಒಳಗೆ, ಇಲ್ಲದಿದ್ದರೆ ಕಟ್ಟೆಯ ಮೇಲೆ. ಗೋಡೆಗೆ ಬೆನ್ನು ಕೊಟ್ಟು ಕೂತನೆಂದರೆ ಹೊತ್ತು ಇಳಿಯುವ ತನಕ ಕೂತೇ ಇರುತ್ತಿದ್ದ. ಒಂದು ಮಾತಿಲ್ಲ. ಸಾವಿನ ಮನೆಯಿಂದ ಏಳುವಾಗ ‘ಬರ್ತೇನ್ರಿ’ ಎಂದು ಹೇಳಬಾರದಲ್ಲ, ಹೀಗಾಗಿ ಆ ಒಂದು ಮಾತೂ ಅವನಿಗೆ ಉಳಿಯುತ್ತಿತ್ತು. ಸುಮ್ಮನೆ ಎದ್ದು ಮನೆಗೆ ಬರುತ್ತಿದ್ದ.

ಅವ್ವ ಬಾಗಿಲಲ್ಲೇ ಕಾದಿರುತ್ತಿದ್ದಳು.

“ಏನಂದ್ರಿ ಅವರಿಗೆ?”

“ಏನೂ ಇಲ್ಲ.”

“ಮಾತಾಡ್ಸಾಕ ಹೋಗಿ ಮಾತ ಆಡದ ಬಂದ್ರಿ? ಬೈಲಹೊಂಗಲದವರನ್ನ ನೋಡ್ರಿ!”

ಈ ‘ಬೈಲಹೊಂಗಲದವರನ್ನ ನೋಡ್ರಿ’ ಎಂಬುದು ನಮ್ಮ ಮನೆಯ ಉಪ್ಪು. ಯಾವ ಅಡಿಗೆಗೂ ಅದು ಬೀಳಲೇಬೇಕು. ಅಪ್ಪನ ಧೋತರ ಮಾಸಿದ್ದರೆ ಬೈಲಹೊಂಗಲದವರನ್ನ ನೋಡ್ರಿ. ಗಡ್ಡ ಬೆಳೆದಿದ್ದರೆ ಬೈಲಹೊಂಗಲದವರನ್ನ ನೋಡ್ರಿ. ಎಮ್ಮೆ ಹಾಲು ಕಡಿಮೆ ಕೊಟ್ಟ ದಿನವೂ ಇದೇ. ಬೈಲಹೊಂಗಲದ ಉಪದೇಶಿ ಸಾಮುವೇಲಪ್ಪನವರು ಅಪ್ಪನ ಜೊತೆಗೇ ಕೆಲಸಕ್ಕೆ ಸೇರಿದವರು. ಅವರ ಕೊರಳು ಕಿತ್ತೂರಿನಿಂದ ರಾಮದುರ್ಗದ ತನಕ ಹೆಸರಾಗಿತ್ತು. ಬೈಲಹೊಂಗಲದ ಸಂತೆಯಲ್ಲಿ ಅವರು ಪೇಟಿ ಹಿಡಿದು ಕೂತರೆ ಅರಳೆಯ ಬಂಡಿಗಳು ನಡುದಾರಿಯಲ್ಲೇ ನಿಲ್ಲುತ್ತಿದ್ದವಂತೆ. ಹೊಡೆಯುವವರು ಹಾಡು ಕೇಳುತ್ತಿದ್ದರು, ಎತ್ತುಗಳು ಮುಂದಿನ ಬಂಡಿಯ ಹುಲ್ಲು ತಿನ್ನುತ್ತಿದ್ದವು.

ಅವ್ವ ಎಲ್ಲಕ್ಕಿಂತ ಹೆಚ್ಚು ಹೇಳುತ್ತಿದ್ದ ಕಥೆ ಒಂದಿತ್ತು. ಪ್ಲೇಗು ಬಂದು ಊರೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಸಾಮುವೇಲಪ್ಪನವರ ಒಬ್ಬಳೇ ಮಗಳು ತೀರಿಕೊಂಡಳು. ಅವರು ಕೂಸಿನ ಹೆಣದ ಮುಂದೆ ಕೂತು ಬೆಳಗಾಗುವ ತನಕ ಹಾಡಿದರಂತೆ. ಸುತ್ತಲಿನ ಗುಡಿಸಲುಗಳಿಂದ ಜನ ಬಂದು ಕೇಳಿ ಕಣ್ಣೀರು ಹಾಕಿದರಂತೆ. “ಅದು ವಿಶ್ವಾಸ!” ಎನ್ನುತ್ತಿದ್ದಳು ಅವ್ವ. “ಸ್ವಂತ ಕೂಸು ಹೋದ್ರೂ ದೇವರ ಹಾಡು ಬಿಡಲಿಲ್ಲ. ನೀವು ಮಂದಿ ಮನ್ಯಾಗ ಕಂಬದಂಗ ಕುಂತ ಬರತೀರಿ.” ಆ ಕಥೆ ಕೇಳಿದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತಿತ್ತು. ಅಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ.

ಇದು ಅವ್ವನೊಬ್ಬಳ ಮಾತಾಗಿದ್ದರೆ ಅಪ್ಪ ರೊಟ್ಟಿಯ ಜೊತೆಗೇ ನುಂಗುತ್ತಿದ್ದ. ಒಂದು ಬೇಸಿಗೆಯಲ್ಲಿ ಬೆಳಗಾವಿಯಿಂದ ಪಾದ್ರಿ ದೊರೆ ಕುದುರೆಯ ಮೇಲೆ ಬಂದರು. ಪುಸ್ತಕದ ಕನ್ನಡ ಮಾತಾಡುವ ಪರದೇಶದ ಮನುಷ್ಯ. ಆರಾಧನೆ ಮುಗಿದ ಮೇಲೆ ಹೇಳಿದರು: “ಯೋಹಾನಪ್ಪನವರೇ, ಬೈಲಹೊಂಗಲದಲ್ಲಿ ಜನರು ಕಿಕ್ಕಿರಿದು ಬರುತ್ತಾರೆ. ಇಲ್ಲಿ ಒಂದು ಎಮ್ಮೆ ಬರುತ್ತದೆ.” ನಾನು ಕಿಸಕ್ಕನೆ ನಕ್ಕೆ. ಅವ್ವ ಚಿವುಟಿದಳು. ದೊರೆ ನಗಲಿಲ್ಲ. ಬಂಡಿಯಲ್ಲಿ ತರಿಸಿದ್ದ ಒಂದು ಹಳೆಯ ಪೇಟಿಯನ್ನು ಇಳಿಸಿ, “ಮಳೆಗಾಲ ಮುಗಿದ ಬಳಿಕ ಮತ್ತೆ ಬರುವೆನು. ಆಗ ಹಾಡು ಕೇಳಬೇಕು. ಆಗದಿದ್ದರೆ ಈ ಊರಿಗೆ ಬೇರೆಯವರನ್ನು ಕಳುಹಿಸಬೇಕಾಗುವುದು” ಎಂದರು. ಅಪ್ಪ ಕೈ ಮುಗಿದ. ದೊರೆಯ ಕುದುರೆ ಮರೆಯಾಗುವ ತನಕ ಆ ಕೈ ಇಳಿಸಲಿಲ್ಲ. ಅಪ್ಪ ಅಷ್ಟು ಅಂಜಿದ್ದನ್ನು ನಾನು ಮೊದಲ ಸಲ ನೋಡಿದೆ, ದಂಗಾದೆ.

ಕಲಿಸುವವರು ಯಾರು? ಊರಲ್ಲಿ ಪೇಟಿ ಬರುತ್ತಿದ್ದುದು ಹುಸೇನಸಾಬನಿಗೆ ಒಬ್ಬನಿಗೇ. ಅವನು ಸಣ್ಣಾಟದ, ಎಂದರೆ ನಮ್ಮ ಕಡೆಯ ಹಾಡು ಕುಣಿತದ ನಾಟಕದ, ಪೇಟಿ ಮಾಸ್ತರ. ಸುಗ್ಗಿ ಮುಗಿದ ಮೇಲೆ ಊರ ಹುಡುಗರಿಗೆ ಆಟದ ತಾಲೀಮು ಕೊಡುತ್ತಿದ್ದ. ನಮಗೋ ಆಟ ನೋಡಬಾರದೆಂದು ಸಭೆಯ ಕಟ್ಟು. ಆಟದ ರಾತ್ರಿ ಕಿವಿಯಲ್ಲಿ ಬೆರಳಿಟ್ಟು ಮಲಗಬೇಕು. ನಾನು ಒಂದು ಬೆರಳು ಸಡಿಲ ಮಾಡುತ್ತಿದ್ದೆ, ಆದರೆ ಗಾಳಿ ಬೇರೆ ಕಡೆ ಬೀಸಿ ನನ್ನ ಪಾಪಕ್ಕೆ ಫಲ ಸಿಗುತ್ತಿರಲಿಲ್ಲ. ಅಪ್ಪ ಮಾತ್ರ ಜನ್ಮದಲ್ಲಿ ಒಂದು ಆಟ ನೋಡಿದವನಲ್ಲ, ಒಂದು ಪದ ಕೇಳಿದವನಲ್ಲ. ಅಂಥ ಮನುಷ್ಯ ಪೇಟಿಯನ್ನು ಹೊತ್ತುಕೊಂಡು ಹುಸೇನಸಾಬನ ಕಟ್ಟೆಗೆ ಹೋದ.

ಹುಸೇನಸಾಬ ಒಳ್ಳೆಯವನು. ಅಪ್ಪನ ಬೆರಳು ನೋಡಿದ, ಕೊರಳು ಕೇಳಿದ, ಬಹಳ ಹೊತ್ತು ತಲೆ ಕೆರೆದುಕೊಂಡ. ಕೊನೆಗೆ, “ಗುರುಗಳ, ನಿಮಗ ಒಂದ ಚಾಲ ಕಲಸತೇನಿ. ಭಾಳ ಸರಳ ಐತಿ. ಸಾಲಿ ಹುಡುಗರಿಗೆ ಭಾರಿ ಹಿಡಸತೈತಿ” ಎಂದ. ಚಾಲ ಎಂದರೆ ಧಾಟಿ. ಸಾಲಿ ಮಕ್ಕಳಿಗೆ ಬಾರಿಸಲು ಅಪ್ಪ ಕಲಿಯುತ್ತಾನೆಂದು ಅವನು ತಿಳಿದಿದ್ದ, ಪಾಪ. ಅಪ್ಪ ಅದೊಂದನ್ನೇ ಹಿಡಿದುಕೊಂಡ. ಅದಕ್ಕೆ ತಾನೇ ಪದ ಕಟ್ಟಿದ: ‘ಬಂದಾನ ಬಂದಾನ, ನಮ್ಮ ಒಡೆಯ ಬಂದಾನ.’ ಬೆಳಿಗ್ಗೆ ಬಂದಾನ, ಸಂಜೆ ಬಂದಾನ. ಓಣಿಯಲ್ಲಿ ಹಾದು ಹೋಗುವವರು ನಗುತ್ತಿದ್ದರು, ಅಪ್ಪನ ಕೊರಳಿಗೆ ನಗುತ್ತಾರೆಂದು ನಾವು ತಿಳಿದೆವು. ಎಮ್ಮೆ ಹಗ್ಗ ಹರಿದುಕೊಂಡು ಹೋಯಿತು. ಸಭೆಯಲ್ಲಿ ಅದೂ ಕಡಿಮೆಯಾಯಿತು.

ಆ ದಿನಗಳಲ್ಲಿ ಓಣಿಯ ಒಬ್ಬ ಮುದುಕ ಸತ್ತ. ಅಪ್ಪ ಹೋಗಲಿಲ್ಲ, ಪೇಟಿಯ ಮುಂದೆ ಕೂತಿದ್ದ. “ಗುರುಗಳು ಯಾಕ ಬರಲಿಲ್ರೀ?” ಎಂದು ಆ ಮನೆಯವರು ನೀರಿನ ಹಾದಿಯಲ್ಲಿ ಅವ್ವನನ್ನು ಕೇಳಿದರಂತೆ. ಅವ್ವ ಹೆಮ್ಮೆಯಿಂದ, “ಅವರು ಹಾಡು ಕಲ್ಯಾಕ ಹತ್ಯಾರ. ಇನ್ನ ಮ್ಯಾಲೆ ಸುಮ್ನ ಬರಂಗಿಲ್ಲ” ಎಂದಳು.

ಮುಂಗಾರಿನ ಬಿತ್ತಿಗೆಗೆ ಮುಂಚೆ ಗಂಗವ್ವನ ಗಂಡ ಸತ್ತ. ಗಂಗವ್ವ ನಮಗೆ ಮಜ್ಜಿಗೆ ಕೊಡುತ್ತಿದ್ದ ಒಕ್ಕಲಗಿತ್ತಿ. ನಗುವ, ಬೈಯುವ, ಮತ್ತೆ ನಗುವ ಹೆಂಗಸು. ಗಂಡ ಹೊಲ ಹರಗುತ್ತಿದ್ದವನು ಎದೆ ಹಿಡಿದುಕೊಂಡು, ಬಿತ್ತುವ ಮುಂಚೆ ಮಣ್ಣು ಸಡಿಲಿಸುವ ಕುಂಟೆಯ ಮೇಲೆಯೇ ಬಿದ್ದ, ಏಳಲಿಲ್ಲ. ಮಣ್ಣು ಮಾಡಿ ಬಂದರೂ ಗಂಗವ್ವನ ಕಣ್ಣಿನಿಂದ ಒಂದು ಹನಿ ಬೀಳಲಿಲ್ಲ. ಬಂದವರಿಗೆ ಕಂಬಳಿ ಹಾಸುತ್ತಾಳೆ, ನೀರು ಕೊಡುತ್ತಾಳೆ, ಗೋಡೆ ನೋಡುತ್ತಾಳೆ. “ಅಳದಿದ್ದರ ಎದಿ ಒಡೀತೈತಿ. ಅಕಿನ್ನ ಅಳಸ್ರವ್ವಾ ಯಾರಾರ” ಎಂದು ಹೆಂಗಸರು ಪಿಸುಗುಟ್ಟುತ್ತಿದ್ದರು.

ಮಾತಾಡಿಸಲು ಅಪ್ಪ ಹೊರಟ. ತಲೆಯ ಮೇಲೆ ಪೇಟಿ, ಹಿಂದೆ ಅವ್ವ, ಅವಳ ಸೆರಗು ಹಿಡಿದು ನಾನು. ಸಾವಿನ ಮನೆಯಲ್ಲಿ ಭಜನೆ ಹಾಡುವುದು ನಮ್ಮ ಕಡೆ ಹೊಸದಲ್ಲ, ಆದ್ದರಿಂದ ಪೇಟಿ ನೋಡಿ ಯಾರೂ ಏನೂ ಅನ್ನಲಿಲ್ಲ. ಕಟ್ಟೆಯ ತುಂಬ ಗಂಡಸರು. ಅಪ್ಪ ನಡುವೆ ಕೂತ, ಕಣ್ಣು ಮುಚ್ಚಿದ, ತಿದಿ ಒತ್ತಿದ.

ಮೊದಲ ಎಳೆ ಹೊರಬಿದ್ದದ್ದೇ ತಡ, ಕಟ್ಟೆಯ ಮೇಲಿನ ಮೀಸೆಗಳೆಲ್ಲ ಒಮ್ಮೆಗೇ ಅಲುಗಿದವು. ಒಬ್ಬ ಮುದುಕ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ. ಒಬ್ಬ ತರುಣ ನೆಲ ನೋಡುತ್ತ ಹೆಗಲು ಕುಲುಕಿಸತೊಡಗಿದ. ಅಳುತ್ತಾನೆಂದು ನಾನು ತಿಳಿದೆ. ಅಪ್ಪ ‘ಬಂದಾನ ಬಂದಾನ’ ಸುರು ಮಾಡಿದ. ಅಷ್ಟರಲ್ಲಿ, ಹೇಗೆ ಹೇಳಲಿ, ಅಂಗಳದಲ್ಲಿದ್ದ ಒಂದು ಸಣ್ಣ ಕೂಸು ಅಂಗಿ ಎತ್ತಿಕೊಂಡು, ಕುಂಡೆ ತಿರುಗಿಸುತ್ತ, ಕುಂಟುತ್ತ ಕುಣಿಯತೊಡಗಿತು! ಅದರ ತಾಯಿ ಓಡಿ ಬಂದು ಎಳೆದು ಎರಡು ಬಾರಿಸಿದಳು. ಕೂಸು ಕಿರುಚಿತು. ಕಟ್ಟೆಯ ಮೇಲೆ ತಡೆದುಕೊಂಡಿದ್ದವರ ನಗು ಒಡೆಯಿತು. ಸಾವಿನ ಮನೆಯಲ್ಲಿ ನಗು! ನಕ್ಕವರೇ ಹೆದರಿ ಬಾಯಿ ಮುಚ್ಚಿಕೊಂಡರು, ಮತ್ತೆ ನಕ್ಕರು. ಅಪ್ಪನಿಗೆ ಕಣ್ಣು ತೆರೆಯುವ ಧೈರ್ಯವಿಲ್ಲ. ಜನಕ್ಕೆ ಏನೋ ತಟ್ಟುತ್ತಿದೆ ಎಂದುಕೊಂಡು ಇನ್ನೂ ಜೋರಾಗಿ ಒತ್ತಿದ.

ಕೊನೆಗೆ ಒಬ್ಬ ಹಿರಿಯ ಅಪ್ಪನ ಕೈ ಹಿಡಿದ. “ಗುರುಗಳ, ಸಾಕ್ರಿ. ಇದು ಆಟದಾಗ ಹಾಸ್ಯಗಾರ ಬರೋ ಚಾಲ ಐತಿ.”

ಆಟ ನೋಡಿದ ಪ್ರತಿಯೊಬ್ಬರಿಗೂ ಗೊತ್ತು. ಈ ಧಾಟಿ ಬಂತೆಂದರೆ ಅರ್ಧ ಮೀಸೆಯ ಹಾಸ್ಯಗಾರ ಹರಕು ಕೊಡೆ ಹಿಡಿದು, ಕುಂಟುತ್ತ, ಧೋತರ ಜಾರಿಸುತ್ತ ಬರುತ್ತಾನೆ. ಆ ಅಂಗಳದಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಗೊತ್ತಿಲ್ಲದವರು ನಾವು ಮೂವರೇ. ಅಪ್ಪ ಕಣ್ಣು ತೆರೆದ. ಆ ಮುಖ ನಾನು ಇಂದಿಗೂ ಮರೆತಿಲ್ಲ.

ಆಗ ಗಂಗವ್ವ ಒಳಗಿನಿಂದ ಬಂದಳು. ಬೈಯುತ್ತಾಳೆಂದು ಎಲ್ಲರೂ ಉಸಿರು ಹಿಡಿದರು. ಅವಳು ಬೈಯಲಿಲ್ಲ. ಪೇಟಿಯ ತಿದಿಯ ಮೇಲೆ ಅಂಗೈ ಇಟ್ಟು ಮುಚ್ಚಿದಳು. ಅದು ‘ಙೇಂ’ ಎಂದು ಉಸಿರು ಬಿಟ್ಟಿತು.

“ಗುರುಗಳ, ಕುಂಟಿ ಕಟ್ಟಿ ಬಿತ್ತಾಕ ಹೋದ್ರ ಹೆಂಗ್ರಿ? ಬಿತ್ತಾಕ ಕೂರಿಗಿ ಬ್ಯಾರೇನ ಐತಲ್ರಿ. ಬಂದವರೆಲ್ಲಾ ಮಾತಾಡಿಸಿ ಹ್ವಾದ್ರು. ನೀವು ಬಂದು ಸುಮ್ನ ಕುಂದರತೀರಿ, ಆವಾಗ ಅತ್ತರಾತು ಅಂತ ನಾ ತಡಕೊಂಡ ಕುಂತೀನಿ.”

ಅಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ನಾಚಿಕೆ ಕಿವಿಯನ್ನೂ ಮುಚ್ಚುತ್ತದೆ. ಪೇಟಿ ಎತ್ತಿಕೊಂಡು, ಚಪ್ಪಲಿ ಬಿಟ್ಟು, ಬರಿಗಾಲಲ್ಲೇ ಮನೆಗೆ ನಡೆದುಬಿಟ್ಟ. ಗಂಗವ್ವ ಒಣ ಕಣ್ಣಿನಿಂದ ಅವನ ಬೆನ್ನನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಅಪ್ಪ ಅವ್ವನಿಗೆ ಹೇಳಿದ: “ರೂತಾ, ನನ್ನ ದೇವರು ಕರದಿಲ್ಲ. ನಾನ ತಪ್ಪು ತಿಳಕೊಂಡು ಬಂದೀನಿ. ಬೈಲಹೊಂಗಲಕ್ಕ ಹೋಗಿ ಸಾಮುವೇಲಪ್ಪನವರಿಗೆ ಈ ಪೇಟಿ ಕೊಡತೇನಿ, ಈ ಊರೂ ನೀವ ನೋಡ್ಕೋರಿ ಅಂತೇನಿ. ನಾವು ಹುಬ್ಬಳ್ಳಿಗೆ ಹೋಗೂಣು. ಗಿರಣ್ಯಾಗ ಅಳ್ಳಿ ಅಂಡಗಿ ಹೊರತೇನಿ.”

ಗಿರಣಿಯಲ್ಲಿ ಅರಳೆಯ ಮೂಟೆ ಹೊರುವ ತನಕ ಹೋದ ಆ ಮಾತು ಅದುವರೆಗೆ ಅಪ್ಪನ ಬಾಯಿಂದ ನಾನು ಕೇಳಿದ್ದರಲ್ಲಿ ಅತಿ ಉದ್ದದ್ದು. ಇನ್ನೂ ದಂಗುಬಡಿಸಿದ್ದು ಅವ್ವ. ಬೈಲಹೊಂಗಲದ ಹೆಸರು ಬಂದರೂ ‘ನೋಡ್ರಿ’ ಎನ್ನದೆ ಬುತ್ತಿಗೆ ಹಿಟ್ಟು ನಾದತೊಡಗಿದಳು.

ಬಾಡಿಗೆ ಬಂಡಿ ಮಾಡಿಕೊಂಡು ಹೊರಟೆವು. ಅವ್ವ, “ನಾನೂ ಬರತೇನಿ. ಆ ಮನಿ ಹೆಂಗ ನಡೀತೈತಿ, ಒಮ್ಮೆ ಕಣ್ಣಾರೆ ನೋಡತೇನಿ” ಎಂದಿದ್ದಳು. ಸವದತ್ತಿಯಲ್ಲಿ ಇಳಿದು, ಬುತ್ತಿ ಬಿಚ್ಚಿ, ಮರುದಿನ ನಸುಕಿನಲ್ಲಿ ಮತ್ತೆ ಎತ್ತು ಹೂಡಿ ಮಲಪ್ರಭೆ ದಾಟಿದೆವು. ಹೊಳೆಯಲ್ಲಿ ನೀರು ಮೊಣಕಾಲಿಗೂ ಇರಲಿಲ್ಲ. ಬಂಡಿಯ ಕುಲುಕಾಟಕ್ಕೆ ಪೇಟಿ ತಾನೇ ಆಗಾಗ ನರಳುತ್ತಿತ್ತು. ನರಳಿದಾಗಲೆಲ್ಲ ಅಪ್ಪ ಬೆಚ್ಚಿ ಅದರ ಮೇಲೆ ಕೈ ಇಡುತ್ತಿದ್ದ.

ಸಾಮುವೇಲಪ್ಪನವರು ಬಾಗಿಲಲ್ಲೇ ನಮ್ಮನ್ನು ಹಾಡುತ್ತ ಬರಮಾಡಿಕೊಂಡರು. ನಿಜವಾಗಿಯೂ ಹಾಡುತ್ತ! “ಬರ್ರಿ ಬರ್ರಿ ಯೋಹಾನಪ್ಪಣ್ಣಾ, ಕುಂದರ್ರಿ” ಎಂಬುದನ್ನೂ ರಾಗವಾಗಿಯೇ ಹೇಳಿದರು. ನಮ್ಮ ಪೇಟಿ ಕಂಡದ್ದೇ ಅದನ್ನು ಎಳೆದುಕೊಂಡು ಬಾರಿಸಿದರು. ಅದೇ ಪೇಟಿ, ಆದರೆ ಅದರೊಳಗೆ ಇಂಥ ದನಿ ಇತ್ತೆಂದು ನಮಗೆ ಯಾರು ಹೇಳಬೇಕಿತ್ತು? ಅಪ್ಪ ಗೋಡೆಗೆ ಆತು ಕೂತ. ಹಾಡು, ಮಾತು, ಮತ್ತೆ ಹಾಡು. ಆ ಮನುಷ್ಯನ ಬಾಯಿ ನೀರು ಕುಡಿಯುವಾಗಷ್ಟೇ ನಿಲ್ಲುತ್ತಿತ್ತು.

ಒಳಗೆ ಅವರ ಹೆಂಡತಿ ಎಸ್ತೆರವ್ವ ರೊಟ್ಟಿ ಬಡಿಯುತ್ತಿದ್ದರು. ನನಗೆ ಹುರಿದ ಶೇಂಗಾ ಕೊಟ್ಟರು. ಅವ್ವನ ಜೊತೆ ಚೆನ್ನಾಗಿ ಮಾತಾಡಿದರು. ಗಂಡನಿಗೆ ಏನಾದರೂ ಹೇಳುವುದಿದ್ದರೆ ಮಾತ್ರ ಬಾಗಿಲ ಚೌಕಟ್ಟಿನ ಕಡೆ ಮುಖ ಮಾಡಿ, “ರೊಟ್ಟಿ ಆಗ್ಯಾವು”, “ನೀರ ಇಟ್ಟೈತಿ” ಎನ್ನುತ್ತಿದ್ದರು. ಆಗಿನ ಎಷ್ಟೋ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ, ಎದುರು ನಿಂತು ಮಾತಾಡುತ್ತಿರಲಿಲ್ಲ. ಅವ್ವ ನನ್ನ ಕಿವಿಯಲ್ಲಿ, “ನೋಡಿದೇನು, ಗಂಡನ ಮಾರಿ ಸುದ್ದಾ ನೋಡಂಗಿಲ್ಲ. ಎಂಥಾ ಮರ್ಯಾದಿ!” ಎಂದಳು. ಅಷ್ಟೆಲ್ಲ ಆದ ಮೇಲೂ ಅವ್ವನ ಹೋಲಿಕೆಯ ಚಟ ಬಿಟ್ಟಿರಲಿಲ್ಲ. ಈ ಸಲ ತನ್ನನ್ನೇ ತಕ್ಕಡಿಗೆ ಹಾಕಿಕೊಂಡಿದ್ದಳು.

ಅದನ್ನೇ ಬಾಯಿ ಬಿಟ್ಟು ಹೇಳಿಯೂ ಹೇಳಿದಳು: “ನೀವು ಪುಣ್ಯವಂತರು ಬಿಡ್ರಿ ಅಕ್ಕಾ. ಇಂಥವರ ಕೈ ಹಿಡದೀರಿ. ಕೂಸು ಹೋದಾಗ ಬೆಳತನಕ ಹಾಡಿದ್ರಂತ. ನಾಕೂ ತಾಲೂಕಿನಾಗ ಹೇಳತಾರ.”

ಎಸ್ತೆರವ್ವನ ಕೈ ಹಿಟ್ಟಿನಲ್ಲಿ ನಿಂತಿತು.

“ಹಾಡಿದ್ರು” ಎಂದರು. “ಮಂದಿ ಕೂಡಿದ್ರು. ‘ಎಂಥಾ ಕೊರಳ್ರೀ’ ಅಂದ್ರು. ನನ್ನ ಕೂಸು ತೊಡಿ ಮ್ಯಾಲ ತಣ್ಣಗ ಆಗಿತ್ತು. ನಾ ಒಂದ ಮಾತು ಕೇಳಿದೆ: ‘ಒಂದ ಗಳಿಗಿ ಸುಮ್ನ ನನ್ನ ಮಗ್ಗಲಕ ಕುಂದರ್ರಿ’ ಅಂತ. ಕುಂದರಲಿಲ್ಲ. ಹಾಡಿದ್ರು. ಅವತ್ತಿನಿಂದ ನಾ ಅವರ ಕೂಡ ಮಾತು ಬಿಟ್ಟೀನಿ, ತಂಗಿ. ಈ ಚೌಕಟ್ಟಿಗೆ ಹೇಳತೇನಿ, ಅವರು ಕೇಳಸಿಗೋತಾರ.” ಹಿಟ್ಟಿನ ಮೇಲೆ ಬೆರಳೊತ್ತುತ್ತ, “ಸುರೇಬಾನದವರು ಸತ್ತವರ ಮನ್ಯಾಗ ಸುಮ್ನ ಕುಂದರತಾರ ಅಂತ ಕೇಳಿದಾಗೆಲ್ಲಾ ನನಗ ನಿಮ್ಮನ್ನ ನೆನಸಿ ಹೊಟ್ಟಿ ಉರೀತಿತ್ತು. ಸುರೇಬಾನದವರನ್ನ ನೋಡ್ರಿ ಅಂತ ಎಷ್ಟ ಸಲ ನಾಲಿಗಿ ತುದಿಗೆ ಬಂದಿತ್ತು” ಎಂದರು.

ಅವ್ವನ ಮುಖ ನೋಡಬೇಕಿತ್ತು ನೀವು. ಬಾಯಿ ತೆರೆದದ್ದು ತೆರೆದೇ ಇತ್ತು. ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು, ಇಬ್ಬರೂ ತಿರುವಲಿಲ್ಲ. ನನ್ನ ಬಾಯಲ್ಲಿ ಶೇಂಗಾ ಹಾಗೆಯೇ ಉಳಿಯಿತು. ನಾಲ್ಕು ತಾಲೂಕು ಹೊಗಳಿದ ಮನೆಯೊಳಗೆ ಗಂಡ ಹೆಂಡಿರ ನಡುವೆ ಮಾತಿಲ್ಲ! ಮೈ ಜುಮ್ಮೆನ್ನುವಂತೆ ಕೇಳುತ್ತಿದ್ದ ಆ ಕಥೆಯೊಳಗೆ ಒಬ್ಬ ತಾಯಿ ಕೂತಿದ್ದಳೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಆಗಲೇ ಹೊರಗೆ ಅಪ್ಪನ ಬೀಸುಕಲ್ಲಿನ ದನಿ ಕೇಳಿಸಿತು. ಗಂಗವ್ವನ ಅಂಗಳದಲ್ಲಿ ಆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. “ನನ್ನಿಂದ ಆಗಂಗಿಲ್ರಿ. ಸುರೇಬಾನ ನೀವ ತಗೋರಿ. ನಿಮ್ಮಂಗ ಹಾಡೋವರು ಬೇಕು ಅಲ್ಲಿ. ನನಗ ಸುಮ್ನ ಕುಂದ್ರೂದೊಂದು ಬರತೈತಿ, ಮತ್ತೇನೂ ಬರಂಗಿಲ್ಲ.”

ಸಾಮುವೇಲಪ್ಪನವರು ನಗಬಹುದೆಂದು ನಾನು ಕಾದೆ. ನಗಲಿಲ್ಲ. ಪೇಟಿಯ ಮೇಲಿದ್ದ ಬೆರಳು ನಿಂತವು. ಆ ಮನೆಯಲ್ಲಿ ನಾವು ಕಾಲಿಟ್ಟಾಗಿನಿಂದ ಮೊದಲ ಸಲ ಸಪ್ಪಳವಿಲ್ಲದಾಯಿತು.

“ಯೋಹಾನಪ್ಪಣ್ಣಾ,” ಎಂದರು. ರಾಗವಿರಲಿ, ದನಿಯೇ ಇರಲಿಲ್ಲ. “ನಿಮ್ಮಂಗ ಸುಮ್ನ ಕುಂದರಬೇಕು ಅಂತ ನಾ ಎಷ್ಟ ಸಲ ಮನಸ ಮಾಡೀನಿ. ಬಾಯಿ ನಿಲ್ಲಂಗಿಲ್ಲ. ನಿಲ್ಲಿಸಿದ್ರ ಆ ಕೂಸಿನ ಉಸಿರು ಕೇಳಸತೈತಿ. ಕಡೀಕ ಎಳದ ಎಳದ ಬಿಡತಿತ್ತಲ್ಲ, ಆ ಉಸಿರು. ಅವತ್ತ ಅದನ್ನ ಮುಚ್ಚಾಕ ಹಾಡಾಕ ಹತ್ತಿದೆ. ಇನ್ನೂ ಮುಚ್ಚಿಲ್ಲ. ಮಂದಿ ವಿಶ್ವಾಸ ಅಂತಾರ. ನಾ ಅಂಜಿ ಹಾಡತೇನಿ. ಅಕಿಗೆ ಹೆಂಗ ಹೇಳಲಿ ಇದನ್ನ?”

ಎಸ್ತೆರವ್ವ ಎದ್ದು ನಿಂತರು. ಕೈ ತುಂಬ ಹಿಟ್ಟು. ಚೌಕಟ್ಟಿನ ತನಕ ನಡೆದರು. ಅಲ್ಲಿಯೇ ನಿಂತು ಅದಕ್ಕೇ ಏನಾದರೂ ಹೇಳುತ್ತಾರೆಂದು ನಾನು ತಿಳಿದೆ. ಅವರು ಹೊಸ್ತಿಲು ದಾಟಿದರು. ಗಂಡನ ಎದುರು ನಿಂತು, ಮುಖವನ್ನೇ ನೋಡಿದರು.

“ಹಾಡ್ರಿ” ಎಂದರು.

ಸಾಮುವೇಲಪ್ಪನವರು ಬೆಪ್ಪಾಗಿ ನೋಡಿದರು.

“ಹಾಡ್ರಿ. ನಾ ಇಲ್ಲೇ ಕುಂದರತೇನಿ.”

ಅವರು ಹಾಡಿದರು. ಚೆನ್ನಾಗಿ ಹಾಡಲಿಲ್ಲ. ಕೊರಳು ಎರಡು ಕಡೆ ಒಡೆಯಿತು, ಪೇಟಿ ಒಂದು ಕಡೆ, ಅವರು ಒಂದು ಕಡೆ ಹೋದರು. ಎಸ್ತೆರವ್ವ ಹಿಟ್ಟಿನ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತರು. ಅಪ್ಪ ಗೋಡೆಗೆ ಆತು, ತಾನು ಯಾವಾಗಲೂ ಕೂರುವ ಹಾಗೆ ಕೂತಿದ್ದ. ಕೋಣೆಯಲ್ಲಿ ಒಬ್ಬರು ಹಾಡುತ್ತಿದ್ದರು, ಒಬ್ಬ ಸುಮ್ಮನಿದ್ದ. ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ಆ ಹೆಣ್ಣುಮಗಳ ಅಳು ಹೊರಗೆ ಬರುತ್ತಿರಲಿಲ್ಲ ಎಂದು ಈಗ, ಈ ಮುಪ್ಪಿನಲ್ಲಿ, ನನಗೆ ಅನ್ನಿಸುತ್ತದೆ. ಆಗ ಮಾತ್ರ ಗಾಬರಿಯಾಗಿ ಅವ್ವನ ಮಡಿಲಿಗೆ ನುಗ್ಗಿದೆ. ಅಲ್ಲಿ ನೋಡಿದರೆ ಅವ್ವನೂ ಅಳುತ್ತಿದ್ದಾಳೆ.

ಹುಬ್ಬಳ್ಳಿಯ ಮಾತು ಯಾರೂ ಎತ್ತಲಿಲ್ಲ. ಮರಳಿ ಬರುವಾಗ ಪೇಟಿಯೂ ಬಂಡಿಯಲ್ಲಿತ್ತು. ಕೊಡುವುದನ್ನು ಅಪ್ಪ ಮರೆತಿದ್ದ, ಕೇಳುವುದನ್ನು ಅವರು. ಹೊಳೆ ದಾಟಿ ಬಹಳ ದೂರ ಬಂದ ಮೇಲೆ ಅಪ್ಪ ಎತ್ತಿನ ಬೆನ್ನು ನೋಡುತ್ತ, ಯಾರಿಗೂ ಅಲ್ಲವೆಂಬಂತೆ, “ಕರದಾಂವಗ ಕರೀಯೋ ಮುಂದ ನನ್ನ ಕೊರಳು ಗೊತ್ತಿರಲಿಲ್ಲೇನು?” ಎಂದ. ಅದಕ್ಕೆ ಉತ್ತರವನ್ನು ಅವ್ವ ಮಳೆಗಾಲ ಮುಗಿದ ಮೇಲೆ ಕೊಟ್ಟಳು. ಮರೆತೇನು, ಇಲ್ಲಿಯೇ ಹೇಳಿಬಿಡುತ್ತೇನೆ. ಪಾದ್ರಿ ದೊರೆ ಮಾತಿನಂತೆ ಬಂದು, ಹಾಡು ಎಲ್ಲಿ ಎಂದು ಕೇಳಿದರು. ಅಪ್ಪ ಸುತ್ತ ನೋಡಿದ. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, “ದೊರೀ, ಬಿತ್ತೋ ಕೂರಿಗಿ ಬೈಲಹೊಂಗಲದಾಗ ಐತ್ರಿ. ನಿಮ್ಮ ದೇವರು ನಮ್ಮ ಊರಿಗೆ ಕುಂಟಿ ಕೊಟ್ಟಾನ. ಹೊಲಕ್ಕ ಎರಡೂ ಬೇಕ್ರಿ” ಎಂದಳು. ದೊರೆಗೆ ಅರ್ಥವಾಯಿತೋ ಇಲ್ಲವೋ, ಗಂಗವ್ವನ ಮಜ್ಜಿಗೆ ಕುಡಿದು ಕುದುರೆ ಏರಿದರು. ಅಪ್ಪ ಬದುಕಿರುವ ತನಕ ಸುರೇಬಾನದಲ್ಲೇ ಇದ್ದ.

ಆ ದಿನ ಬೈಲಹೊಂಗಲದಿಂದ ಬಂಡಿ ಊರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ನಮ್ಮ ಓಣಿಯ ಕಡೆ ಎತ್ತು ತಿರುಗುವುದರೊಳಗೆ ಅವ್ವ ಬಂಡಿ ಹೊಡೆಯುವವನಿಗೆ, “ಮನಿಗೆ ಬ್ಯಾಡಪಾ, ಮೊದಲ ಗಂಗವ್ವನ ಮನಿ ಕಡೆ ಹೊಡಿ” ಎಂದಳು. ಅಪ್ಪನ ಚಪ್ಪಲಿ ಕಟ್ಟೆಯ ಕೆಳಗೆ ಬಿಟ್ಟಲ್ಲಿಯೇ ಇದ್ದವು. ಗಂಗವ್ವ ಒಬ್ಬಳೇ ಕಂಬಕ್ಕೆ ಒರಗಿ ಕೂತಿದ್ದಳು. ಆಗಲೂ ಅವಳ ಕಣ್ಣು ಒಣಗಿದ್ದವು. ಅಪ್ಪ ಬಂಡಿಯಿಂದ ಇಳಿದ. ನಾನು ಹೆದರಿ ಪೇಟಿಯ ಮೇಲೆ ಎರಡೂ ಕೈ ಊರಿ ಕೂತೆ, ಅದು ಎಲ್ಲಿಯಾದರೂ ತಾನೇ ಕೂಗೀತೆಂದು. ಅಪ್ಪ ಅದರ ಕಡೆ ನೋಡಲೂ ಇಲ್ಲ. ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತ. ಗಂಗವ್ವ ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಹೊಟ್ಟೆಯ ಆಳದಿಂದ ಒಂದು ಅಳು ಎದ್ದಿತು. ಅಂಥ ಅಳುವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಓಣಿಯ ಬಾಗಿಲುಗಳೆಲ್ಲ ತೆರೆದವು. “ಅತ್ತಳವ್ವಾ, ಅತ್ತಳು” ಎಂದು ಯಾರೋ ಹೆಂಗಸು ಕೂಗಿದಳು.

ಅವ್ವನ ಕೈ ನನ್ನ ಭುಜವನ್ನು ನೋಯುವಂತೆ ಹಿಡಿದಿತ್ತು.

“ಬೈಲಹೊಂಗಲದವರನ್ನ...” ಎಂದು ರೂಢಿಯಂತೆ ಅವಳ ಬಾಯಿ ತೆರೆಯಿತು. ಅಲ್ಲಿಗೇ ನಿಂತಿತು.

“ನಿಮ್ಮಪ್ಪನ್ನ ನೋಡು” ಎಂದಳು.

ನೋಡಿದೆ. ಅಪ್ಪ ಸುಮ್ಮನೆ ಕೂತಿದ್ದ.